ನಾಲ್ವರ ಮನೆಯಲ್ಲಿ ಯುಗಾದಿಯ ಅಡಿಗೆ: ಅಳತೆ ಮತ್ತು ಆರೋಗ್ಯ

ಕನ್ನಡನಾಡಿನ ಹಬ್ಬದ ಅಡಿಗೆಯ ಪದ್ಧತಿಗಳು ರೂಪುಗೊಂಡದ್ದು ಅವಿಭಕ್ತ ಕುಟುಂಬದ ದೊಡ್ಡ ಅಡಿಗೆಮನೆಯಲ್ಲಿ. ಹದಿನೈದು ಇಪ್ಪತ್ತು ಎಲೆಗಳು ಬೀಳುತ್ತಿದ್ದ ಆ ಮನೆಗಳಲ್ಲಿ ಬೇಳೆಯನ್ನು ಸೇರಿನಿಂದಲೂ ಬೆಲ್ಲವನ್ನು ಅಚ್ಚಿನ ಲೆಕ್ಕದಿಂದಲೂ ತೆಗೆಯುತ್ತಿದ್ದರು. ರುಬ್ಬಲು ಒಬ್ಬರು, ತಟ್ಟಲು ಒಬ್ಬರು, ಬೇಯಿಸಲು ಇನ್ನೊಬ್ಬರು ಇರುತ್ತಿದ್ದರು. ಮಿಕ್ಕದ್ದು ನೆರೆಮನೆಗೆ, ಆಳುಕಾಳುಗಳಿಗೆ, ಕಡೆಗೆ ಕೊಟ್ಟಿಗೆಯ ಹಸುವಿಗೆ ಸಲ್ಲುತ್ತಿತ್ತು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು ಮತ್ತು ಊರಿನಿಂದ ಬಂದು ನೆಲೆಸಿದ ಹಿರಿಯರೊಬ್ಬರು ಮಾತ್ರ ಇರುವಾಗ ಇದೇ ಪದ್ಧತಿಯನ್ನು ಇದ್ದಂತೆಯೇ ನಡೆಸಲು ಹೊರಟರೆ ಎರಡು ಅನಾಹುತಗಳು ಸಂಭವಿಸುತ್ತವೆ. ಎಲ್ಲ ಕೆಲಸವೂ ಒಬ್ಬ ಗೃಹಿಣಿಯ ಮೇಲೆ ಬೀಳುತ್ತದೆ. ಮಿಕ್ಕ ಅಡಿಗೆಯಷ್ಟೂ ಶೀತಕಪೆಟ್ಟಿಗೆಯನ್ನು ಸೇರಿ, ಮೂರು ದಿನಗಳ ಕಾಲ ಅದೇ ನಾಲ್ವರ ಹೊಟ್ಟೆಯನ್ನು ಸೇರುತ್ತದೆ. ಬೇಸತ್ತ ಕುಟುಂಬ ಮರುವರ್ಷ ಹೋಟೆಲಿನಿಂದ ಹೋಳಿಗೆ ತರಿಸುತ್ತದೆ. ಈ ಎರಡು ತುದಿಗಳ ನಡುವೆ ಮೂರನೆಯ ಮಾರ್ಗವೊಂದು ಇದೆ. ಅದು ಅಳತೆಯ ಮಾರ್ಗ.

ತಾಯಿಯ ಮನೆಯಲ್ಲಿ ಕಲಿತ ಅಳತೆಯನ್ನು ನಾಲ್ಕರಿಂದಲೋ ಐದರಿಂದಲೋ ಭಾಗಿಸಿದರೆ ಸಾಕಲ್ಲವೇ ಎಂದು ಯಾರಿಗಾದರೂ ತೋರಬಹುದು. ಆದರೆ ಪಾಕಕ್ರಿಯೆ ಗಣಿತದ ಭಾಗಾಕಾರಕ್ಕೆ ಪೂರ್ಣವಾಗಿ ಮಣಿಯುವುದಿಲ್ಲ. ಬೇಳೆ, ಬೆಲ್ಲ, ಉಪ್ಪು, ಹುಣಿಸೆಹಣ್ಣುಗಳನ್ನು ಭಾಗಿಸಬಹುದು. ನೀರನ್ನು ಹಾಗೆ ಭಾಗಿಸಲಾಗದು. ಪದಾರ್ಥ ಕಡಿಮೆಯಾದರೂ ಪಾತ್ರೆಯ ಬಾಯಿ ಅಷ್ಟೇ ಅಗಲವಾಗಿದ್ದರೆ ಆವಿಯಾಗಿ ಹೋಗುವ ನೀರು ಕಡಿಮೆಯಾಗುವುದಿಲ್ಲ. ಒಗ್ಗರಣೆಯ ಎಣ್ಣೆಯ ಸಂಗತಿಯೂ ಹೀಗೆಯೇ: ಸಾಸಿವೆ ಸಿಡಿಯಲು ಬೇಕಾದಷ್ಟು ಎಣ್ಣೆ ಬಾಣಲೆಯ ತಳಕ್ಕೆ ಇರಲೇಬೇಕು. ಆದ್ದರಿಂದ ಚಿಕ್ಕ ಕುಟುಂಬದ ಹಬ್ಬಕ್ಕೆ ಮೊದಲು ಬೇಕಾದ ಸಾಧನ ಚಿಕ್ಕ ಪಾತ್ರೆ: ಬಾಯಿ ಕಿರಿದಾದ ಒಂದೂವರೆ ಲೀಟರಿನ ತಪ್ಪಲೆ ಮತ್ತು ಅಂಗೈಯಗಲದ ಆಳವಾದ ಬಾಣಲೆ. ಇಂತಹ ಬಾಣಲೆಯಲ್ಲಿ ಎಂಟು ಸಂಡಿಗೆಗಳನ್ನು 150 ಮಿಲಿಲೀಟರ್ ಎಣ್ಣೆಯಲ್ಲಿ ಕರಿಯಬಹುದು. ದೊಡ್ಡ ಬಾಣಲೆಗೆ ಅರ್ಧ ಲೀಟರ್ ಸುರಿದು, ಮಿಕ್ಕದ್ದನ್ನು ವಾರಗಟ್ಟಲೆ ಮತ್ತೆ ಮತ್ತೆ ಕಾಯಿಸುವ ರೂಢಿ ಆರೋಗ್ಯಕ್ಕೆ ಹಿತವಲ್ಲ. ಪ್ರತಿಸಾರಿ ಕಾಯಿಸಿದಾಗಲೂ ಎಣ್ಣೆ ಕೆಡುತ್ತ ಹೋಗಿ ಅದರಲ್ಲಿ ಹಾನಿಕರ ಪದಾರ್ಥಗಳು ಹೆಚ್ಚುತ್ತವೆ.

ಎರಡನೆಯದು ಭಕ್ಷ್ಯಗಳ ಆಯ್ಕೆ. ಹೋಳಿಗೆ ಮಾಡಿದ ದಿನ ಪಾಯಸ ಬೇಡ. ಇದನ್ನು ಕೆಲವು ಹಿರಿಯರು ಒಪ್ಪಲಾರರು. ನೈವೇದ್ಯಕ್ಕೆ ಪಾಯಸವಿರಲೇಬೇಕೆಂಬ ಮನೆಗಳಿವೆ. ಅಂತಹ ಕಡೆ ಒಂದು ಬಟ್ಟಲಿನಷ್ಟು ಮಾಡಿ ನಾಲ್ಕು ಚಮಚಗಳಂತೆ ಹಂಚಿದರೆ ಸಂಪ್ರದಾಯಕ್ಕೂ ಲೋಪವಿಲ್ಲ. ಉಳಿದಂತೆ ಬೇವು-ಬೆಲ್ಲ, ಹೆಸರುಬೇಳೆಯ ಕೋಸಂಬರಿ, ಹುರುಳಿಕಾಯಿಯ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಹೋಳಿಗೆ, ಹೋಳಿಗೆಯ ಸಾರು, ಅನ್ನ, ಮಜ್ಜಿಗೆ ಇಷ್ಟಿದ್ದರೆ ಎಲೆ ತುಂಬುತ್ತದೆ. ಬಾಳೆಯ ಎಲೆ ಚಿಕ್ಕದಿದ್ದರೆ ಇನ್ನೂ ಬೇಗ ತುಂಬುತ್ತದೆ. ಕರಾವಳಿಯ ಮೂಲದವರು ಏಪ್ರಿಲಿನಲ್ಲಿ ಬಿಸು ಹಬ್ಬಕ್ಕೆ ಬೇರೆಯೇ ಅಡಿಗೆ ಮಾಡುವರು. ಅಲ್ಲಿಯೂ ಲೆಕ್ಕದ ತತ್ತ್ವ ಇದೇ.

ಈ ಅಡಿಗೆಯ ಹೃದಯಸ್ಥಾನ ಹೋಳಿಗೆ. ನೆರೆಯ ಮರಾಠಿಗರು ಅಂದೇ ಗುಡಿಪಾಡವವನ್ನು ಆಚರಿಸುತ್ತ ಪುರಣಪೋಳಿ ಮಾಡಿ, ಬೇಳೆ ಬೇಯಿಸಿದ ನೀರಿನಿಂದ ಕಟಾಚಿ ಆಮಟಿ ಮಾಡುತ್ತಾರೆ. ಹೈದರಾಬಾದಿನ ತೆಲುಗರಲ್ಲಿ ಅದು ಬೊಬ್ಬಟ್ಟು. ಉತ್ತರ ಕರ್ನಾಟಕದವರು ಕಡಲೆಬೇಳೆಯನ್ನೂ ಹಳೆಯ ಮೈಸೂರಿನ ಅನೇಕರು ತೊಗರಿಬೇಳೆಯನ್ನೂ ಮೆಚ್ಚುತ್ತಾರೆ. ಎರಡಕ್ಕೂ ಅಳತೆ ಒಂದೇ: 200 ಗ್ರಾಂ ಬೇಳೆ, 200 ಗ್ರಾಂ ಬೆಲ್ಲ, ಕಣಕಕ್ಕೆ 150 ಗ್ರಾಂ ಮೈದಾ ಅಥವಾ ಮೈದಾ ಮತ್ತು ಚಿರೋಟಿ ರವೆಯ ಮಿಶ್ರಣ, ಚಿಟಿಕೆ ಅರಿಸಿನ, ಕಣಕಕ್ಕೂ ತಟ್ಟುವುದಕ್ಕೂ ಸೇರಿ ಮೂರು ನಾಲ್ಕು ದೊಡ್ಡ ಚಮಚ ಎಣ್ಣೆ. ಇದರಿಂದ ಹನ್ನೆರಡು ಹೋಳಿಗೆಗಳಾಗುತ್ತವೆ. ಇದಕ್ಕಿಂತ ಕಡಿಮೆ ಮಾಡುವುದು ಜಾಣತನವಲ್ಲ. ಹೂರಣ ತೀರ ಕಡಿಮೆಯಾದರೆ ಮಿಕ್ಸಿಯ ಅಲಗಿಗೆ ಸಿಕ್ಕದೆ ಪಾತ್ರೆಯ ಬದಿಗೆ ಮೆತ್ತಿಕೊಳ್ಳುತ್ತದೆ. ಎಂಟು ಹೋಳಿಗೆಗಳು ಎಲೆಗೆ, ನಾಲ್ಕು ನೆರೆಮನೆಗೆ ಅಥವಾ ಮರುದಿನಕ್ಕೆ.

ಬೇಳೆಯನ್ನು ಕುಕ್ಕರಿನಲ್ಲಿ ಇಡದೆ ತೆರೆದ ಪಾತ್ರೆಯಲ್ಲಿ ಒಂದು ಲೀಟರಿಗೆ ಕಡಿಮೆಯಿಲ್ಲದ ನೀರಿನಲ್ಲಿ ಬೇಯಿಸುವುದು ಉತ್ತಮ. ಬೆರಳುಗಳ ನಡುವೆ ಹಿಸುಕಿದರೆ ನುಣ್ಣಗಾಗಬೇಕು, ಆದರೆ ಪಾತ್ರೆಯಲ್ಲಿ ಕಾಳಿನ ಆಕಾರ ಉಳಿದಿರಬೇಕು. ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಬೇಳೆ ಕರಗಿ ಕಟ್ಟಿನೊಂದಿಗೆ ಹೋಗುತ್ತದೆ, ಹೂರಣ ನೀರಾಗುತ್ತದೆ. ಜರಡಿಯಲ್ಲಿ ಹಾಕಿ ಕಾಲು ಗಂಟೆ ಬಿಟ್ಟು ಕಟ್ಟನ್ನು ಪೂರ್ತಿ ಬಸಿಯಬೇಕು. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳಲ್ಲಿ ಒಂದು ಪಾಲು ಈ ಕಟ್ಟಿಗೆ ಇಳಿದಿರುತ್ತದೆ. ಅದನ್ನು ಚೆಲ್ಲದೆ, ಒಂದು ಚಮಚ ಹೂರಣ, ಹುಣಿಸೆರಸ, ಸಾರಿನ ಪುಡಿ ಬೆರೆಸಿ ಸಾರು ಮಾಡಿದ ಹಿಂದಿನ ಹೆಂಗಸರು ರುಚಿಯನ್ನೂ ಪುಷ್ಟಿಯನ್ನೂ ಒಟ್ಟಿಗೆ ಉಳಿಸಿದರು. ಬಸಿದ ಬೇಳೆಗೆ ಬೆಲ್ಲದ ಪುಡಿ ಸೇರಿಸಿ, ಸಣ್ಣ ಉರಿಯಲ್ಲಿ, ಸೌಟು ನೆಟ್ಟರೆ ನಿಲ್ಲುವವರೆಗೆ ಮಗುಚಬೇಕು. ಸ್ವಲ್ಪವೇ ಪದಾರ್ಥವಾದ್ದರಿಂದ ತಳ ಹಿಡಿಯುವ ಭಯ ಹೆಚ್ಚು. ದಪ್ಪ ತಳದ ಪಾತ್ರೆ ಇಲ್ಲಿ ಅವಶ್ಯ. ಬಿಸಿಯಿರುವಾಗಲೇ ಏಲಕ್ಕಿಯೊಡನೆ ರುಬ್ಬಿದರೆ ನುಣುಪಾಗುತ್ತದೆ.

ಇಷ್ಟನ್ನೂ ಹಬ್ಬದ ಹಿಂದಿನ ಸಂಜೆಯೇ ಮುಗಿಸಬಹುದು. ಕಚೇರಿಗೆ ಹೋಗುವ ಗೃಹಿಣಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ದೆಹಲಿಯ ಕೇಂದ್ರ ಸರಕಾರಿ ಕಚೇರಿಗಳಲ್ಲಿ ಯುಗಾದಿ ಐಚ್ಛಿಕ ರಜೆಯ ಪಟ್ಟಿಯಲ್ಲಿರುವುದರಿಂದ ಅಲ್ಲಿಯ ಕನ್ನಡಿಗರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಹಾಗೆ ಮುಂಚಿತವಾಗಿ ಮಾಡುವಾಗ ಹೂರಣಕ್ಕೆ ತೆಂಗಿನ ತುರಿ ಸೇರಿಸಬಾರದು. ಹಸಿ ತೆಂಗಿನಕಾಯಿ ಬೇಗ ಹಳಸುವ ಪದಾರ್ಥ. ಹೂರಣವನ್ನೂ ಕಟ್ಟನ್ನೂ ಆರಿಸಿ, ಬೇರೆ ಬೇರೆ ಡಬ್ಬಿಗಳಲ್ಲಿ ಮುಚ್ಚಿ ಶೀತಕಪೆಟ್ಟಿಗೆಯಲ್ಲಿಡಬೇಕು. ಹೊರಗಿಟ್ಟ ಕಟ್ಟು ಬೆಳಗಾಗುವಷ್ಟರಲ್ಲಿ ಹುಳಿಯುತ್ತದೆ. ಬೆಳಿಗ್ಗೆ ಕಣಕವನ್ನು ಕಲಸಿ ಎರಡು ಗಂಟೆ ನೆನೆಯಬಿಟ್ಟರೆ ನಿಂಬೆಹಣ್ಣಿನ ಗಾತ್ರದ ಹೂರಣದ ಉಂಡೆಗೆ ಅದರ ಅರ್ಧದಷ್ಟು ಕಣಕ ಸಾಕಾಗುತ್ತದೆ. ನಾಲ್ವರಿರುವ ಮನೆಯಲ್ಲಿ ಎಂಟು ಕೈಗಳಿವೆ ಎಂಬುದೂ ನೆನಪಿರಬೇಕು. ಕಾಯಿ ತುರಿಯುವುದು, ಸೌತೆಕಾಯಿ ಕೊಚ್ಚುವುದು, ಮಾವಿನಕಾಯಿ ಹೆರೆಯುವುದು ಇವು ಯಜಮಾನರಿಗೆ ಅಸಾಧ್ಯವಾದ ವಿದ್ಯೆಗಳಲ್ಲ. ಹುರುಳಿಕಾಯಿಯ ನಾರು ತೆಗೆಯಲು ಹತ್ತು ವರ್ಷದ ಮಗು ಸಾಕು.

ಇನ್ನು ಪೌಷ್ಟಿಕತೆಯ ಲೆಕ್ಕ. ಬೇಳೆ, ಬೆಲ್ಲ, ಹಿಟ್ಟು ಮೂರೂ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ ಕೊಡುವಂಥವು; ಎಣ್ಣೆ 900. ಮೇಲಿನ ಅಳತೆಯನ್ನು ಕೂಡಿ ಹನ್ನೆರಡರಿಂದ ಭಾಗಿಸಿದರೆ ಒಂದು ಹೋಳಿಗೆಗೆ ಹೆಚ್ಚುಕಡಿಮೆ 200 ಕ್ಯಾಲೊರಿ ಬರುತ್ತದೆ. ಮೇಲೆ ಹಾಕುವ ಒಂದು ಚಮಚ ತುಪ್ಪಕ್ಕೆ ಇನ್ನೊಂದು 45. ಪ್ರತಿ ಹೋಳಿಗೆಯಲ್ಲಿ 16 ಗ್ರಾಮಿಗೂ ಮಿಕ್ಕ ಬೆಲ್ಲವಿದೆ. ದಿನಕ್ಕೆ 2000 ಕ್ಯಾಲೊರಿ ಸೇವಿಸುವ ವಯಸ್ಕರಿಗೆ ಸೇರಿಸಿದ ಸಕ್ಕರೆ 50 ಗ್ರಾಮನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಸಾರ. ಅಂದರೆ ಮೂರು ಹೋಳಿಗೆಗಳಲ್ಲಿಯೇ ಆ ಮಿತಿ ಹತ್ತಿರವಾಯಿತು. ಎರಡು ಹೋಳಿಗೆ ತಿಂದವರು ಅನ್ನವನ್ನು ಅಷ್ಟರಮಟ್ಟಿಗೆ ತಗ್ಗಿಸಬೇಕು. ಚಿತ್ರಾನ್ನಕ್ಕೂ ಬಿಳಿ ಅನ್ನಕ್ಕೂ ಸೇರಿ ನಾಲ್ವರಿಗೆ 300 ಗ್ರಾಂ ಅಕ್ಕಿ ಧಾರಾಳ. ತಗ್ಗಿಸಬಾರದ ಭಕ್ಷ್ಯವೆಂದರೆ ಕೋಸಂಬರಿ. 50 ಗ್ರಾಂ ಹೆಸರುಬೇಳೆ ಒಂದು ಗಂಟೆ ನೆನೆದರೆ ಹಿಗ್ಗಿ ನಾಲ್ವರಿಗಾಗುತ್ತದೆ. ಸಸಾರಜನಕವೂ ನಾರೂ ದೊರೆಯುತ್ತವೆ. ಇದನ್ನು ಬೇಯಿಸದೆ ತಿನ್ನುವುದರಿಂದ ಕುಡಿಯುವ ನೀರಿನಲ್ಲಿಯೇ ತೊಳೆದು ನೆನೆಯಿಸಬೇಕು. ಉಪ್ಪನ್ನು ಎಲೆ ಹಾಕಿದ ಮೇಲೆ ಬೆರೆಸಬೇಕು. ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಡುತ್ತದೆ.

ಸಿಹಿಮೂತ್ರ ರೋಗವುಳ್ಳ ಹಿರಿಯರಿರುವ ಮನೆಯಲ್ಲಿ ಹಬ್ಬದ ದಿನ ಎರಡು ತಪ್ಪು ತಿಳಿವಳಿಕೆಗಳು ಕಂಡುಬರುತ್ತವೆ. ಬೆಲ್ಲ ಸಕ್ಕರೆಯಲ್ಲ, ಆದ್ದರಿಂದ ಬಾಧಕವಿಲ್ಲ ಎಂಬುದು ಮೊದಲನೆಯದು. ಬೆಲ್ಲದ ಬಹುಭಾಗ ಸಕ್ಕರೆಯೇ. ಅದರಲ್ಲಿರುವ ಅಲ್ಪಸ್ವಲ್ಪ ಖನಿಜಾಂಶ ರಕ್ತದ ಸಕ್ಕರೆ ಏರುವುದನ್ನು ತಡೆಯದು. ಹಾಗೆಂದು ಎಲ್ಲರೂ ಉಣ್ಣುವಾಗ ಒಬ್ಬ ಹಿರಿಯರ ಎಲೆಯನ್ನು ಬರಿದಾಗಿಡುವುದೂ ಸಲ್ಲದು. ಸಕ್ಕರೆ ಹತೋಟಿಯಲ್ಲಿದ್ದರೆ, ವೈದ್ಯರ ಒಪ್ಪಿಗೆಯಿದ್ದರೆ, ಒಂದು ಪಾಲು ಅನ್ನವನ್ನು ಬಿಟ್ಟು ಒಂದು ಚಿಕ್ಕ ಹೋಳಿಗೆಯನ್ನು ಕೋಸಂಬರಿ ಪಲ್ಯಗಳೊಡನೆ ಕೊಡಬಹುದು.

ಎರಡನೆಯದು ಹೆಚ್ಚು ಅಪಾಯಕರ, ಏಕೆಂದರೆ ಅದು ತಪ್ಪೆಂದು ಯಾರಿಗೂ ತೋಚುವುದಿಲ್ಲ. ದಿನವೂ ಎಂಟೂವರೆಗೆ ಉಪಾಹಾರ, ಹನ್ನೆರಡೂವರೆಗೆ ಊಟ ಮಾಡುವ ಹಿರಿಯರು ಹಬ್ಬದ ದಿನ ಬೆಳಿಗ್ಗೆ ವಾಡಿಕೆಯಂತೆ ಗುಳಿಗೆ ನುಂಗುತ್ತಾರೆ ಅಥವಾ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಾರೆ. ಅನಂತರ ನೈವೇದ್ಯವಾಗಲೆಂದು ಏನನ್ನೂ ತಿನ್ನದೆ ಕಾಯುತ್ತಾರೆ. ಒಬ್ಬರೇ ಅಡಿಗೆ ಮಾಡುವ ಮನೆಯಲ್ಲಿ ನೈವೇದ್ಯ ಎರಡು ಗಂಟೆಗೆ ಜಾರುವುದು ಅಪರೂಪವಲ್ಲ. ಇನ್ಸುಲಿನ್ ಮಾತ್ರವಲ್ಲದೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಗುಳಿಗೆಗಳೂ ಆಹಾರವಿಲ್ಲದಾಗ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಬೆವರುವುದು, ಕೈ ನಡುಗುವುದು, ಎದೆ ಬಡಿತ, ಮಾತು ತೊದಲುವುದು, ಕಾರಣವಿಲ್ಲದ ಸಿಡುಕು ಇದರ ಚಿಹ್ನೆಗಳು. ಹಬ್ಬದ ಗಡಿಬಿಡಿಯಲ್ಲಿ ಮುದುಕರ ಸಿಡುಕನ್ನು ಹಸಿವೆಯೆಂದು ತಳ್ಳಿಹಾಕುವುದು ಸುಲಭ. ಕೂಡಲೆ ಮೂರು ನಾಲ್ಕು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟವನ್ನು ತಡಮಾಡಬಾರದು. ಈ ಹೊತ್ತಿನಲ್ಲಿ ಹೋಳಿಗೆ ತಿನ್ನಿಸುವುದು ಪ್ರಯೋಜನವಿಲ್ಲ. ಅದರ ಎಣ್ಣೆ ತುಪ್ಪಗಳಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನವಾಗುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಆದರೆ ಇದಾವುದಕ್ಕೂ ಅವಕಾಶವಾಗದಂತೆ ನೋಡಿಕೊಳ್ಳುವುದು ಅಡಿಗೆಯವರ ಕೈಯಲ್ಲಿಯೇ ಇದೆ. ಹಿರಿಯರು ಹಬ್ಬದ ದಿನವೂ ಉಪಾಹಾರವನ್ನು ಬಿಡಬಾರದು. ಮೊದಲ ಎರಡು ಹೋಳಿಗೆಗಳಿಂದ ನೈವೇದ್ಯ ಮುಗಿಸಿ ಅವರಿಗೆ ಹೊತ್ತಿಗೆ ಸರಿಯಾಗಿ ಎಲೆ ಹಾಕಬೇಕು. ಉಳಿದ ಹತ್ತನ್ನು ಅನಂತರ ತಟ್ಟಿದರಾಯಿತು. ಮದ್ದಿನ ಹೊತ್ತು ಬದಲಿಸುವುದಾದರೆ ಅದನ್ನು ವೈದ್ಯರಲ್ಲಿ ಮುಂಚೆಯೇ ಕೇಳಿಕೊಳ್ಳಬೇಕು. ಎಲ್ಲರೂ ಸಾಲಾಗಿ ಕುಳಿತು ಉಣ್ಣುವ ಸೊಬಗು ಇದರಿಂದ ಸ್ವಲ್ಪ ಕಡಿಮೆಯಾಗಬಹುದು. ಆಗಲಿ.

ಯುಗಾದಿ ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಬರುವ ಹಬ್ಬ; ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿ ಆಗ ಸೆಕೆ ಏರಿರುತ್ತದೆ. ಮಿಕ್ಕ ಅಡಿಗೆಯಲ್ಲಿ ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಅನ್ನಕ್ಕೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಅವು ಮೊಳೆತು ವಿಷವನ್ನು ಉತ್ಪಾದಿಸುತ್ತವೆ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ತರಿಸುವ ಆ ವಿಷ ಮತ್ತೆ ಬಿಸಿಮಾಡಿದರೆ ನಾಶವಾಗದು. ಬೆಳಿಗ್ಗೆ ಕಲಸಿದ ಚಿತ್ರಾನ್ನವನ್ನು ಸಂಜೆಯವರೆಗೆ ಮೇಜಿನ ಮೇಲೆ ಮುಚ್ಚಿಡುವುದು ಇದಕ್ಕೆ ಆಹ್ವಾನವಿತ್ತಂತೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಊಟವಾದೊಡನೆ, ಎರಡು ಗಂಟೆ ಮೀರದಂತೆ, ಶೀತಕಪೆಟ್ಟಿಗೆಗೆ ಸೇರಿಸಬೇಕು. ಕೋಣೆಯ ಉಷ್ಣತೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಉಪ್ಪು ಬಿದ್ದ ಕೋಸಂಬರಿಯನ್ನು ಉಳಿಸಲೇಬಾರದು. ಸಾರನ್ನು ರಾತ್ರಿ ಮತ್ತೊಮ್ಮೆ ಮರಳುವವರೆಗೆ ಕುದಿಸಿ ಮುಗಿಸಬೇಕು. ಹೋಳಿಗೆಗಳನ್ನು ಬಿಸಿಯಿರುವಾಗಲೇ ಒಂದರ ಮೇಲೊಂದು ಒಟ್ಟಿದರೆ ಬೆವೆತು ಬೂಸರು ಹಿಡಿಯುತ್ತವೆ. ಬಟ್ಟೆಯ ಮೇಲೆ ಬಿಡಿಯಾಗಿ ಆರಿಸಿ ಡಬ್ಬಿಗೆ ಹಾಕಿಟ್ಟರೆ ಮರುದಿನ ಬರಿಯ ಕಾವಲಿಯ ಮೇಲೆ, ಎಣ್ಣೆ ಸೋಕಿಸದೆ, ಬೆಚ್ಚಗೆ ಮಾಡಿ ಮಗುವಿನ ಶಾಲೆಯ ಡಬ್ಬಿಗೂ ಕೊಡಬಹುದು.