ಇಂದಿನ ಧಮ್ಮ ಚಿಂತನೆ: ನಾಲ್ಕನೆಯ ಶೀಲ ಮತ್ತು ತಲೆನೋವು



ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪಿಗೆ ಚಾರಣ ಹೋಗಲು ನಾವು ಐವರು ತಯಾರಿ ನಡೆಸಿದ್ದೇವೆ. ಅದು 5,364 ಮೀಟರ್ ಎತ್ತರ. ರಜೆ ಕಡಿಮೆಯೆಂದು ಮೊದಲ ಪಟ್ಟಿಯಲ್ಲಿ ನಾನು ನಾಮ್ಚೆ, ಡಿಂಗ್ಬೋಚೆಗಳ ವಿಶ್ರಾಂತಿ ದಿನಗಳನ್ನೇ ಕೈಬಿಟ್ಟಿದ್ದೆ. ಅದು ತಪ್ಪು. 3,000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಬೇಕು. ತಲೆನೋವು, ವಾಕರಿಕೆ ಬಂದರೆ ಮುಂದೆ ಏರಬಾರದು, ಹೆಚ್ಚಾದರೆ ಇಳಿಯಲೇಬೇಕು.

ಆದರೆ ತಲೆನೋವು ಹೊರಗೆ ಕಾಣದು, ಬಾಯಿಬಿಟ್ಟು ಹೇಳಬೇಕು. "ಏನೂ ಇಲ್ಲ" ಎಂದರೆ ನಾಲ್ಕನೆಯ ಶೀಲ ಮುರಿಯಿತು, ಜೀವಕ್ಕೂ ಅಪಾಯ.

ನಾನು ನಿಜ ಹೇಳಿದರೆ ಕಳೆದುಕೊಳ್ಳುವುದು ಒಂದು ಫೋಟೊ. ನಮ್ಮ ಮೂಟೆ ಹೊರುವವರು? ಅವರಲ್ಲಿ ಅನೇಕರು ತಗ್ಗಿನ ಹಳ್ಳಿಗಳವರು. ಎತ್ತರದ ಕಾಯಿಲೆ ಅವರನ್ನೂ ಬಿಡದು. ಹೇಳಿದರೆ ಕೂಲಿ ಹೋದೀತೆಂದು ಮುಚ್ಚಿಟ್ಟಾರು. ಕೂಲಿಯ ಭಯದಲ್ಲಿರುವವರಿಗೆ ಸತ್ಯವನ್ನು ಬೋಧಿಸುವುದು ಸುಲಭ, ಆದರೆ ನ್ಯಾಯವಲ್ಲ. ಮೊದಲು ಆ ಭಯ ತೆಗೆಯಬೇಕು. ಧಮ್ಮವು ಮನುಷ್ಯರ ನಡುವಿನ ಸಂಬಂಧದಲ್ಲಿದೆ ಎಂದು ಬಾಬಾಸಾಹೇಬರು ತಿಳಿಸಿದ್ದು ನನಗೆ ಇಲ್ಲಿ ಅರ್ಥವಾಯಿತು.

ಪಟ್ಟಿಗೆ ಈಗ ಎರಡು ಸಾಲು ಸೇರಿವೆ: ವಿಶ್ರಾಂತಿ ದಿನಕ್ಕೂ ಪೂರ್ತಿ ಕೂಲಿ. ಕಾಯಿಲೆಯಾಗಿ ಇಳಿದರೆ ಒಪ್ಪಿದಷ್ಟೂ ಕೂಲಿ, ಜೊತೆಗೆ ಇಳಿಯಲು ಒಬ್ಬರು.

ಇಂದಿನ ಅಭ್ಯಾಸ: ಮನೆಯಲ್ಲಿ, ಕೆಲಸದಲ್ಲಿ ನನಗೆ ಹೆದರಿ ನೋವು ಮುಚ್ಚಿಟ್ಟವರು ಯಾರು? ಇವತ್ತು ಅವರನ್ನು ಕೇಳೋಣ.

ಜೈಭೀಮ್.