ಊಟದ ಹೆಸರುಗಳು ಮತ್ತು ಚೀಸಿನ ಊರುಗಳು

ಇಂಗ್ಲಿಷ್ ಪಾಠದಲ್ಲಿ ಸುಲಭವೆಂದು ತೋರಿ ಕೊನೆಗೆ ಉಪಾಧ್ಯಾಯರನ್ನೇ ಕಾಡುವ ಪದಗಳು ಕೆಲವುಂಟು. ‘ಡಿನ್ನರ್’ ಎಂದರೆ ರಾತ್ರಿಯೂಟ, ‘ಟೀ’ ಎಂದರೆ ಚಹಾ ಎಂದು ನಾವೆಲ್ಲ ಕಲಿತೆವು, ಹಾಗೆಯೇ ಕಲಿಸಿದೆವು. ಒಮ್ಮೆ ಹತ್ತನೆಯ ತರಗತಿಯ ಹುಡುಗನೊಬ್ಬನು ಕಥೆಯೊಂದನ್ನು ಓದುತ್ತ, “ಗುರುಗಳೇ, ಈ ಗಣಿಯ ಕೆಲಸಗಾರ ಮಧ್ಯಾಹ್ನ ಡಿನ್ನರ್ ಮಾಡುತ್ತಾನೆ, ಸಂಜೆ ಟೀಗೆ ಆಲೂಗಡ್ಡೆ ತಿನ್ನುತ್ತಾನೆ. ಪುಸ್ತಕದಲ್ಲಿ ತಪ್ಪು ಅಚ್ಚಾಗಿದೆಯೇ?” ಎಂದು ಕೇಳಿದನು. “ಅದು ಅವರ ಪದ್ಧತಿ” ಎಂದು ಹೇಳಿ ನಾನು ಮುಂದಿನ ಸಾಲಿಗೆ ಹೋದೆನು. ನನಗೆ ಉತ್ತರ ತಿಳಿದಿರಲಿಲ್ಲವೆಂಬುದೇ ನಿಜ. ಅಂದು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ.

‘ಬ್ರೇಕ್‌ಫಾಸ್ಟ್’ ಎಂದರೆ ಉಪವಾಸವನ್ನು ಮುರಿಯುವುದು. ಆಶ್ಚರ್ಯವೆಂದರೆ, ಹಳೆಯ ಫ್ರೆಂಚಿನಿಂದ ಬಂದ ‘ಡಿನ್ನರ್’ ಪದದ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ. ಬಳಕೆಯಲ್ಲಿ ಮಾತ್ರ ಡಿನ್ನರ್ ಎಂಬುದು ದಿನದ ಮುಖ್ಯ ಊಟಕ್ಕೆ ಹೆಸರಾಯಿತು; ಹೊತ್ತಿಗಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈ ಊಟ ನಡುಹಗಲಿನ ಸುಮಾರಿಗೆ ಮುಗಿಯುತ್ತಿತ್ತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ನಗರದ ಸಿರಿವಂತರು ಅದನ್ನು ಮೆಲ್ಲಮೆಲ್ಲನೆ ಸಂಜೆಗೆ, ಮುಂದೆ ರಾತ್ರಿಗೆ ಸರಿಸಿದರು. ನಡುವೆ ಬಿದ್ದ ತೆರಪನ್ನು ‘ಲಂಚ್’ ತುಂಬಿತು. ಲಂಚ್‌ನಿಂದ ರಾತ್ರಿಯವರೆಗೆ ಹಸಿವು ತಾಳದಾದಾಗ, 1840ರ ಸುಮಾರಿಗೆ ಅಪರಾಹ್ನದ ಚಹಾ ರೂಢಿಗೆ ಬಂದಿತು. ಬೆಡ್‌ಫರ್ಡಿನ ಡಚೆಸ್ ಆಗಿದ್ದ ಆನಾ ಎಂಬಾಕೆಯ ಹೆಸರು ಈ ರೂಢಿಯೊಡನೆ ಸೇರಿಕೊಂಡಿದೆ.

ದುಡಿಯುವ ಜನರ ಹಾದಿ ಬೇರೆ. ಅವರ ಮುಖ್ಯ ಊಟ ನಡುಹಗಲಿನಲ್ಲೇ ಉಳಿಯಿತು. ಹೆಸರೂ ಡಿನ್ನರ್ ಎಂದೇ ಉಳಿಯಿತು. ಕಾರ್ಖಾನೆ, ಗಣಿಗಳಿಂದ ಸಂಜೆ ದಣಿದು ಬಂದವರಿಗೆ ಬಿಸಿ ಪದಾರ್ಥ, ಬ್ರೆಡ್ಡು, ಬೆಣ್ಣೆಗಳೊಡನೆ ಚಹಾ ಸಿದ್ಧವಾಗಿರುತ್ತಿತ್ತು. ಆ ಊಟವೇ ‘ಟೀ’ ಅಥವಾ ‘ಹೈ ಟೀ’. ಇಂದಿಗೂ ಉತ್ತರ ಇಂಗ್ಲೆಂಡಿನ ಅನೇಕರು ಸಂಜೆಯ ಊಟವನ್ನು ಟೀ ಎನ್ನುತ್ತಾರೆ. ದಕ್ಷಿಣದವರು ಅದನ್ನೇ ಡಿನ್ನರ್ ಎನ್ನುತ್ತಾರೆ. ಹಗುರವಾದ ರಾತ್ರಿಯೂಟಕ್ಕೆ ‘ಸಪ್ಪರ್’ ಎನ್ನುವವರೂ ಉಂಟು. ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ 1906ರ ಕಾಯಿದೆಯು ಅಧಿಕಾರವಿತ್ತಿತು. ಮಧ್ಯಾಹ್ನದ ಆ ಊಟಕ್ಕೆ ‘ಸ್ಕೂಲ್ ಡಿನ್ನರ್’ ಎಂಬ ಹೆಸರು ಬಿದ್ದು ದೇಶದಾದ್ಯಂತ ನಿಂತಿದೆ. ಮೈಸೂರಿನ ಕಡೆಯವರ ತಿಂಡಿ ಧಾರವಾಡದ ಕಡೆ ನಾಷ್ಟಾ ಆಗುವುದನ್ನೂ ಹೊಲಕ್ಕೆ ಹೋಗುವವರ ಬಾಯಲ್ಲಿ ನ್ಯಾರಿ ಆಗುವುದನ್ನೂ ಬಲ್ಲ ನಮ್ಮ ಮಕ್ಕಳಿಗೆ ಇದು ಅರ್ಥವಾಗದ ಮಾತಲ್ಲ. ಅರ್ಥಮಾಡಿಸುವವರು ಬೇಕಷ್ಟೆ.

ಇನ್ನು ಚೀಸಿನ ವಿಚಾರ. ಇದನ್ನು ‘ಗಿಣ್ಣು’ ಎಂದು ಅನುವಾದಿಸುವ ಪದ್ಧತಿಯುಂಟು. ಆದರೆ ನಮ್ಮ ಗಿಣ್ಣು ಈದ ಹಸುವಿನ ಮೊದಲ ಹಾಲಿನಿಂದಾಗುವ ಸಿಹಿ ಪದಾರ್ಥ. ಚೀಸಾದರೋ ಹಾಲನ್ನು ಹುಳಿಗೊಳಿಸಿ, ರೆನೆಟ್ ಎಂಬ ದ್ರವ್ಯದಿಂದ ಗಟ್ಟಿಮಾಡಿ, ನೀರು ಬಸಿದು, ಉಪ್ಪು ಸೇರಿಸಿ, ತಿಂಗಳುಗಟ್ಟಲೆ ಮಾಗಿಸಿದ್ದು. ರೆನೆಟ್ಟನ್ನು ಹಿಂದೆ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. ಇಂದೂ ಕೆಲವರು ಅದನ್ನು ಬಳಸುತ್ತಾರೆ, ಅನೇಕರು ಸಸ್ಯಾಹಾರಿಗಳಿಗೆ ಒಪ್ಪುವ ರೆನೆಟ್ಟನ್ನು ಬಳಸುತ್ತಾರೆ. ಆದುದರಿಂದ ಅಲ್ಲಿಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳು ಹೊದಿಕೆಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ಬ್ರಿಟನ್ನಿನ ಚೀಸುಗಳಿಗೆ ಬಹುಮಟ್ಟಿಗೆ ಊರು, ಸೀಮೆಗಳ ಹೆಸರೇ ಹೆಸರು. ಸಾಮರ್‌ಸೆಟ್‌ನ ಚೆಡ್ಡರ್ ಗ್ರಾಮದ ಹೆಸರು ಲೋಕಕ್ಕೆಲ್ಲ ಹಂಚಿಹೋಗಿದೆ; ಯಾವ ದೇಶದವರಾದರೂ ಚೆಡ್ಡರ್ ಮಾಡಬಹುದು. ಸ್ಟಿಲ್ಟನ್ನಿನ ಕಥೆ ಇದಕ್ಕೆ ವಿರುದ್ಧ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಸ್ಟಿಲ್ಟನ್ ಗ್ರಾಮದಲ್ಲಿ ಪ್ರಯಾಣಿಕರಿಗೆ ಮಾರಾಟವಾಗಿ ಹೆಸರು ಪಡೆದ ಈ ನೀಲಿ ಎಳೆಗಳ ಚೀಸನ್ನು ಕಾನೂನಿನ ಪ್ರಕಾರ ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳಲ್ಲಿ ಮಾತ್ರ ತಯಾರಿಸಬಹುದು. ಸ್ಟಿಲ್ಟನ್ ಗ್ರಾಮ ಈ ಮೂರರ ಹೊರಗಿದೆ. ಹೆಸರು ಕೊಟ್ಟ ಊರಿಗೇ ಆ ಹೆಸರಿನ ಹಕ್ಕಿಲ್ಲ!

ಯಾರ್ಕ್‌ಶೈರ್‌ನ ವೆನ್ಸ್‌ಲಿಡೇಲ್ ಕಣಿವೆಯಲ್ಲಿ ಚೀಸನ್ನು ಮೊದಲು ಮಾಡಿದವರು ಹನ್ನೆರಡನೆಯ ಶತಮಾನದ ಸಿಸ್ಟರ್ಶಿಯನ್ ಮಠದ ಸನ್ಯಾಸಿಗಳು ಎನ್ನುತ್ತಾರೆ. ಆ ಕಣಿವೆಯ ಜೆರ್ವೋ ಮಠ 1537ರಲ್ಲಿ ಮುಚ್ಚಿತು; ಆದರೆ ಚೀಸಿನ ವಿದ್ಯೆ ರೈತರ ಮನೆಗಳಲ್ಲಿ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀಸಿಗೆ ಪಡಿತರ ಬಂದು, ಚೀಸಿಗೆ ದೊರೆತ ಹಾಲಿನ ಬಹುಭಾಗ ‘ಸರ್ಕಾರಿ ಚೆಡ್ಡರ್’ ಎಂಬ ಒಂದೇ ಬಗೆಗೆ ಹೋಯಿತು. ಪಡಿತರ 1954ರಲ್ಲಿ ಮುಗಿಯುವ ಹೊತ್ತಿಗೆ ಮನೆಯಲ್ಲೇ ಚೀಸು ಮಾಡುವ ರೈತರು ವಿರಳರಾಗಿದ್ದರು. ಹಾಸ್ ಎಂಬ ಪಟ್ಟಣದ ವೆನ್ಸ್‌ಲಿಡೇಲ್ ಕಾರ್ಖಾನೆಯನ್ನು 1992ರಲ್ಲಿ ಮುಚ್ಚಿದಾಗ, ಅದರ ವ್ಯವಸ್ಥಾಪಕರೇ ಅದನ್ನು ಕೊಂಡು, ಹಳೆಯ ಕೆಲಸಗಾರರನ್ನು ಕರೆಸಿ, ಅದೇ ವರ್ಷ ಮತ್ತೆ ಕೆಲಸ ಆರಂಭಿಸಿದರು. ಕೈಯಲ್ಲಿ ವಿದ್ಯೆಯಿದ್ದವರು ಇದ್ದುದರಿಂದ ಹೆಸರೂ ಉಳಿಯಿತು.

ಚೀಸನ್ನು ಸವಿಯುವ ಕ್ರಮವೂ ಸರಳವೇ. ತಿನ್ನುವ ಒಂದು ತಾಸು ಮುಂಚೆ ಅದನ್ನು ತಂಪುಪೆಟ್ಟಿಗೆಯಿಂದ ಹೊರಗಿಡಬೇಕು. ಶೀತದಲ್ಲಿ ಪರಿಮಳ ಅಡಗಿರುತ್ತದೆ. ಔತಣದ ಕೊನೆಗೆ ಬಿಸ್ಕತ್ತಿನೊಡನೆ, ಮಧ್ಯಾಹ್ನ ಬ್ರೆಡ್ಡು, ಉಪ್ಪಿನಕಾಯಿಗಳೊಡನೆ ಅದನ್ನು ತಿನ್ನುವುದುಂಟು. ಯಾರ್ಕ್‌ಶೈರಿನವರು ವೆನ್ಸ್‌ಲಿಡೇಲನ್ನು ಹಣ್ಣಿನ ಕೇಕಿನ ಜೊತೆಗೂ ಮೆಲ್ಲುತ್ತಾರೆ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಪುಸ್ತಕದಲ್ಲಿ ಅಚ್ಚಿನ ತಪ್ಪಿರಲಿಲ್ಲ. ತಪ್ಪು ನನ್ನ ಪಾಠದಲ್ಲಿತ್ತು. ಪದಕ್ಕೆ ಅರ್ಥ ಹೇಳುವುದು ಪಾಠದ ಅರ್ಧ. ಅದನ್ನು ಆಡುವವರ ದುಡಿಮೆ, ಹಸಿವು, ಊರುಗಳನ್ನು ತಿಳಿಸುವುದು ಉಳಿದರ್ಧ. ಈ ಸಂಚಿಕೆ ಅವನ ಕೈಸೇರಿದರೆ, ಅಂದಿನ ಪಾಠ ಇಂದು ಪೂರ್ಣವಾಯಿತೆಂದು ಭಾವಿಸುವೆನು.