ಅಜೋಲ್ಲಾ ತೊಟ್ಟಿಗೆ ಯೂರಿಯಾ ಏಕೆ ಬೇಡ?

ಅಜೋಲ್ಲಾ ಬೆಳೆಸುವ ಸದಸ್ಯರು ಆಗಾಗ್ಗೆ ಕೇಳುವುದುಂಟು: "ಡಾಕ್ಟ್ರೇ, ತೊಟ್ಟಿಗೆ ಒಂದು ಹಿಡಿ ಯೂರಿಯಾ ಹಾಕಿದರೆ ಬೇಗ ಹುಲುಸಾಗುವುದಿಲ್ಲವೇ?" ಹಾಕಬೇಡಿ. ಸಾರಜನಕ ಒದಗಿಸುವ ಜೀವಿ ಎಲೆಯೊಳಗೇ ಇದೆ.

ಅಜೋಲ್ಲಾ ಎಲೆಯ ಪೊಳ್ಳಿನಲ್ಲಿ ಅನಾಬೀನ ಎಂಬ ನೀಲಿ-ಹಸಿರು ಪಾಚಿ ವಾಸಿಸುತ್ತದೆ. ಪಾಚಿ ಎಂದು ಕರೆದರೂ ಇದು ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಕಾಣುತ್ತದೆ. ಒಂದೊಂದು ಮಣಿಯೂ ಒಂದು ಜೀವಕೋಶ. ಹೆಚ್ಚಿನ ಕೋಶಗಳು ಬಿಸಿಲಿನಿಂದ ಸಕ್ಕರೆ ತಯಾರಿಸುತ್ತವೆ. ನಡುನಡುವೆ ಇರುವ ದಪ್ಪ ಗೋಡೆಯ ಕೋಶಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಆಮ್ಲಜನಕ ಸೋಕಿದರೆ ಈ ಕೆಲಸ ಕೆಡುವುದರಿಂದಲೇ ಆ ದಪ್ಪ ಗೋಡೆ. ಕೆರೆ ನೀರಿನಲ್ಲಿ ಸ್ವತಂತ್ರವಾಗಿ ಬೆಳೆಯುವ ಅನಾಬೀನದಲ್ಲಿ ಇಂಥವು 10-20 ಕೋಶಗಳಿಗೊಂದು. ಅಜೋಲ್ಲಾದೊಳಗೆ ಇನ್ನೂ ಹೆಚ್ಚು.

ಪಕ್ಕದ ಕೋಶಗಳ ನಡುವಿನ ಅಡ್ಡಗೋಡೆಯಲ್ಲಿ ಅತಿ ಸಣ್ಣ ಕೊಳವೆಗಳಿವೆ. ಇವುಗಳ ಮೂಲಕ ಅತ್ತಲಿಂದ ಸಕ್ಕರೆ, ಇತ್ತಲಿಂದ ಸಾರಜನಕದ ಆಹಾರ ಸಾಗುತ್ತದೆ. ಸುದ್ದಿಯೂ ಸಾಗುತ್ತದೆ! ಸಾರಜನಕ ಹಿಡಿಯಲು ಸಿದ್ಧವಾಗುವ ಕೋಶದಿಂದ ಪುಟ್ಟ ಪ್ರೋಟೀನ್ ತುಣುಕೊಂದು ಹೊರಟು, ಅಕ್ಕಪಕ್ಕದವು ಅದೇ ಕೆಲಸಕ್ಕೆ ಇಳಿಯದಂತೆ ತಡೆಯುತ್ತದೆ. ಕೋಶಕ್ಕೆ ಧಕ್ಕೆಯಾದಾಗ ಕೊಳವೆಗಳು ಮುಚ್ಚಿಕೊಳ್ಳುತ್ತವೆ ಎಂಬುದು 2019ರಲ್ಲಿ ಗೊತ್ತಾಯಿತು.

ನೀರಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಕೆರೆಯ ಅನಾಬೀನ ಈ ದಪ್ಪ ಗೋಡೆಯ ಕೋಶಗಳನ್ನು ಹುಟ್ಟಿಸುವುದೇ ಇಲ್ಲ. ಅಜೋಲ್ಲಾದಲ್ಲೂ ಸಾರಜನಕ ಹಿಡಿಯುವುದು ತಗ್ಗುತ್ತದೆ. ಯೂರಿಯಾದ ದುಡ್ಡೂ ದಂಡ.

ತೊಟ್ಟಿಗೆ ಬೇಕಾದದ್ದು ರಂಜಕ. ಸಗಣಿ ಬಗ್ಗಡದ ಜೊತೆ ಸ್ವಲ್ಪ ಸೂಪರ್ ಫಾಸ್ಫೇಟ್ ಕೊಡಿ. ಎಲೆ ಸಣ್ಣದಾಗಿ ಕೆಂಪಗಾದರೆ ರಂಜಕದ ಕೊರತೆ ಇರಬಹುದು. ಬಿಸಿಲಿನ ತಾಪಕ್ಕೂ ಹೀಗಾಗುತ್ತದೆ, ನೆರಳು ಮಾಡಿ ನೋಡಿ. ಕೊಯ್ದ ಅಜೋಲ್ಲಾವನ್ನು ಸಗಣಿ ವಾಸನೆ ಹೋಗುವಂತೆ ತೊಳೆದು, ಹಸುವಿಗೆ ದಿನಕ್ಕೆ 1.5ರಿಂದ 2 ಕಿಲೋ, ಹಿಂಡಿಯೊಂದಿಗೆ ಬೆರೆಸಿ ಕೊಡಿ.